ಬಾತುಕೋಳಿಯ ಬಾಲ ಮತ್ತು ನನ್ನ ಪಾಂಡಿತ್ಯ

೧೯೫೬ರಲ್ಲಿ ಏಳನೆಯ ತರಗತಿಗೆ ದೊಡ್ಡ ನಮಸ್ಕಾರ ಹಾಕಿ ಹೊರಬಂದಾಗ ಬಾತುಕೋಳಿಯ ವಿಷಯದಲ್ಲಿ ನನಗಿದ್ದ ವಿದ್ಯೆಯೆಂದರೆ, ಪಾಠಪುಸ್ತಕದಲ್ಲಿ ಅದು ನೀರಿನ ಮೇಲೆ ತೇಲುತ್ತಿದ್ದ ಚಿತ್ರ ಮಾತ್ರ. ಸಾರಿನಲ್ಲಿ ಅದು ಹೇಗೆ ತೇಲಬೇಕೆಂದು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಹದಿನೈದು ವರ್ಷ ಬೇರೆಯವರ ಹೋಟೆಲುಗಳಲ್ಲಿ ಪಾತ್ರೆ ತಿಕ್ಕಿ, ಮಸಾಲೆ ಅರೆದು, ರಾಜಾಜಿನಗರದಲ್ಲಿ ನನ್ನದೇ ಮಿಲಿಟರಿ ಹೋಟೆಲು ತೆರೆದ ಮೇಲಂತೂ, ಕೋಳಿಸಾರಿನಲ್ಲಿ ನನಗೆ ಸಮಾನರಿಲ್ಲವೆಂದು ಊರು ಹೇಳುವ ಮೊದಲೇ ನಾನು ಹೇಳಿಕೊಳ್ಳುತ್ತಿದ್ದೆ.

ಆ ಗರ್ವವನ್ನು ಬಾತುಕೋಳಿಯೇ ಕುಕ್ಕಿತು. ಹತ್ತಿರದ ಕಾರ್ಖಾನೆಯ ಫೋರ್‌ಮನ್ ವರ್ಗೀಸ್, ಕೇರಳದ ಅಲೆಪ್ಪಿ ಕಡೆಯವರು, ಚರ್ಚಿನಲ್ಲಿ ಮಗಳ ಜ್ಞಾನಸ್ನಾನದ ದಿನ ನಲವತ್ತು ಜನಕ್ಕೆ ಬಾತುಕೋಳಿ ಸಾರು ಬೇಕೆಂದರು. ಮೊದಲು ರುಚಿ ನೋಡುವೆನೆಂದೂ ಸೇರಿಸಿದರು. ನಮ್ಮ ಮನೆಯಲ್ಲಿ ಕೋಳಿಯ ಬಾಲದ ಕೊಬ್ಬಿನ ತುಂಡು ಅತಿಥಿಗೇ ಮೀಸಲು. ಬಾತಿನ ಬಾಲವನ್ನೂ ಹಾಗೆಯೇ ಇಡಿಯಾಗಿ ಬೇಯಿಸಿ ಗೌರವದಿಂದ ಅವರ ತಟ್ಟೆಗಿಟ್ಟೆ. ಒಂದೇ ತುತ್ತಿಗೆ ಮುಖ ಕಿವುಚಿದರು.

“ಗೌಡ್ರೇ, ಬಾಲದ ಬುಡದಲ್ಲಿ ನಾರೋ ಎಣ್ಣೆ ಗಂಟು ಇರುತ್ತೆ, ಕಿತ್ತು ಎಸೀಬೇಕು. ನೀವು ಅದನ್ನೇ ಪ್ರಸಾದ ಕೊಟ್ರಲ್ಲ! ಬಿಡಿ, ಕಂಟೋನ್ಮೆಂಟಿಂದ ತರಿಸ್ಕೊತೀನಿ.”

“ಒಂದ್ ವಾರ ಟೈಮ್ ಕೊಡಿ ಸಾರ್,” ಎಂದೆ.

ಒಲೆಯ ಬಳಿಯಿದ್ದ ನನ್ನ ಹೆಂಡತಿ ಪುಟ್ಟಮ್ಮ ನಕ್ಕಳು: “ಏಳಕ್ಕೇ ಬಿಟ್ರಲ್ಲ, ಹೋಗಿ ಎಂಟನೇ ಕ್ಲಾಸ್ ಓದ್ಕೊಂಡ್ ಬನ್ನಿ!”

ಓದಿದೆ. ಕಂಟೋನ್ಮೆಂಟಿನ ಹೋಟೆಲೊಂದರ ಚೀನೀ ಅಡುಗೆಯವನ ಹಿಂಬಾಗಿಲಲ್ಲಿ ಎರಡು ದಿನ ನಿಂತೆ. ಅವನದು ಶುಂಠಿ, ಉಪ್ಪು, ಸಣ್ಣ ಉರಿ. ತೇಲಿದ ಜಿಡ್ಡನ್ನೆಲ್ಲ ಸೌಟಿನಿಂದ ತೆಗೆದರೆ, ಬಟ್ಟಲಿನ ತಳಕ್ಕೆ ಬರೆದ ಹೂವು ಕಾಣುವಷ್ಟು ತಿಳಿ. ವರ್ಗೀಸರನ್ನು ಕೇಳಿದರೆ, ಅವರ ತಾಯಿಯದು ಜಜ್ಜಿದ ಮೆಣಸು, ತೆಂಗಿನ ಹಾಲು ಎಂದರು. ಗಂಟು ಕಿತ್ತೆಸೆಯುವುದು ಮಾತ್ರ ಇಬ್ಬರದೂ ಮೊದಲ ಕೆಲಸ. ನೋಡಿ ಸ್ವಾಮಿ, ದೇಶದೇಶಗಳ ಪಾಕಶಾಸ್ತ್ರ ಮಸಾಲೆಯಲ್ಲಿ ಎಷ್ಟೇ ಭಿನ್ನಮತ ತಾಳಿದರೂ ಬಾಲದ ವಿಷಯದಲ್ಲಿ ಏಕಮತ!

ವಾರದ ಗಡುವು ಮುಗಿದ ಭಾನುವಾರ ಗಂಟು ಕಿತ್ತೆ, ಜಿಡ್ಡು ತೆಗೆದೆ. ಆದರೆ ಹುರಿದ ಧನಿಯ, ಸುಟ್ಟ ಈರುಳ್ಳಿ, ಪಕ್ಕದಲ್ಲಿ ರಾಗಿಮುದ್ದೆ ನಮ್ಮವೇ. ಕಲಿತದ್ದು ಪರರಿಂದಾದರೂ ಉಣಬಡಿಸಿದ್ದು ನಮ್ಮ ಸಾರು. ರುಚಿ ನೋಡಲು ಮಗನೊಂದಿಗೆ ಬಂದಿದ್ದ, ಕನ್ನಡ ಬಾರದ ಆ ತಾಯಿ ಉಂಡು, ಬಟ್ಟಲನ್ನು ಮತ್ತೆ ಮುಂದೆ ಚಾಚಿದರು.

“ನಮ್ಮಮ್ಮ ಎರಡನೇ ಸಲ ಹಾಕಿಸ್ಕೊಳ್ಳೋದು ಅವರದೇ ಕೈಯಡುಗೆ ಮಾತ್ರ ಗೌಡ್ರೇ. ನಲವತ್ತು ಜನಕ್ಕೂ ನೀವೇ ಮಾಡಿ,” ಎಂದರು ವರ್ಗೀಸ್.

ಆ ಪಾಠಪುಸ್ತಕ ಎಲ್ಲಿ ಹೋಯಿತೋ. ಈಗ ನನ್ನಲ್ಲಿರುವುದು ಇಷ್ಟು: ಬೆಂಚು ಎಂಟು, ಒಲೆ ಮೂರು, ಹಂಡೆ ಎರಡು, ಭಾನುವಾರಕ್ಕೆ ಬಾತುಕೋಳಿ ಆರು. ಸಾರಿನಲ್ಲಿ ಬಾಲ, ಒಂದೂ ಇಲ್ಲ.