ಬಡಿದು ಗಟ್ಟಿ ಮಾಡಿದ ಕೊಕ್ಕೆ

ಕೊಕ್ಕೆ ಮುರಿಯಿತು. ಕುದಿಯುವ ಸಾಂಬಾರು ರಾಘುವಿನ ಕಾಲ ಮೇಲೆ ಸುರಿಯಿತು. ತಪ್ಪು ಯಾರದು? ರಾಘುವಿನದಂತೆ!

ಹೀಗೆಂದವರು ಮುಂಬಯಿಯ ಕುರ್ಲಾದ ಹೋಟೆಲ್ ಮಾಲೀಕ ಭಾಸ್ಕರಣ್ಣ. ರಾಘು ಅಲ್ಲಿಯ ಹಳೆಯ ಅಡುಗೆಯವ. ನಾನು ಪಕ್ಕದ ಲ್ಯಾಬಿನಲ್ಲಿ ಲೋಹ ಪರೀಕ್ಷೆ ಮಾಡುವವನು, ದಿನಾ ಬೆಳಗಿನ ಟಿಫಿನ್ ಅಲ್ಲೇ. ಇವತ್ತು ನನ್ನಿಂದ ತಮಾಷೆ ನಿರೀಕ್ಷಿಸಬೇಡಿ. ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿದೆ.

ಸಾಂಬಾರಿನ ಹಂಡೆಯ ಎರಡೂ ಬಳೆಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಇಬ್ಬರು ಎತ್ತಿ ಒಲೆಯಿಂದ ಇಳಿಸುವುದು ಅಲ್ಲಿಯ ಪದ್ಧತಿ. ಭಾರಕ್ಕೆ ಕೊಕ್ಕೆ ಬಾಗುತ್ತದೆ. ಮರುದಿನ ಅದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಸರಿ ಮಾಡುತ್ತಾರೆ. ಮತ್ತೆ ಬಾಗುತ್ತದೆ. ಮತ್ತೆ ಬಡಿತ. ಆ ಸದ್ದು ನನ್ನ ಟೇಬಲ್ಲಿಗೂ ಕೇಳುತ್ತಿತ್ತು.

"ಈಗ ಬಗ್ಗುದೇ ಇಲ್ಲ ಮಾರಾಯ್ರೆ! ಪೆಟ್ಟು ತಿಂದು ತಿಂದು ಗಟ್ಟಿ ಆಗಿದೆ" ಎಂದು ಭಾಸ್ಕರಣ್ಣ ಹೆಮ್ಮೆಪಟ್ಟಿದ್ದರು.

ಗಟ್ಟಿ? ಕಬ್ಬಿಣವೂ ಸ್ಫಟಿಕವೇ ಸ್ವಾಮಿ (ಜಪಮಾಲೆಯ ಮಣಿ ಮಾತ್ರ ಅಲ್ಲ). ಒಳಗೆ ಪರಮಾಣುಗಳು ಸಾಲಾಗಿ ಕೂತಿರುತ್ತವೆ. ಅಲ್ಲಲ್ಲಿ ಸಾಲು ತಪ್ಪಿರುತ್ತದೆ. ಆ ತಪ್ಪುಗಳು ಅತ್ತಿತ್ತ ಜರುಗುವುದರಿಂದಲೇ ಕಬ್ಬಿಣ ಮುರಿಯದೆ ಬಾಗುತ್ತದೆ. ತಣ್ಣಗಿರುವಾಗ ಬಡಿದಷ್ಟೂ ತಪ್ಪುಗಳು ಹೆಚ್ಚುತ್ತವೆ, ಕುರ್ಲಾ ಸ್ಟೇಷನ್ನಿನ ಬ್ರಿಡ್ಜ್ ಮೇಲಿನ ಜನರಂತೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಯಾವುದೂ ಅಲ್ಲಾಡುವುದಿಲ್ಲ. ನಾವು ಅದನ್ನು ಗಟ್ಟಿ ಅನ್ನುತ್ತೇವೆ. ಬಾಗಲಾರದ ಕಬ್ಬಿಣಕ್ಕೆ ಮುರಿಯುವುದೊಂದೇ ದಾರಿ.

ಕೆಂಪಗೆ ಕಾಯಿಸಿ ನಿಧಾನಕ್ಕೆ ಆರಲು ಬಿಟ್ಟಿದ್ದರೆ ಸಾಲುಗಳು ಮತ್ತೆ ಸರಿಹೋಗುತ್ತಿದ್ದವು. ಹೋಟೆಲಿನ ಅಡುಗೆಮನೆಯಲ್ಲಿ ಬೆಂಕಿಗೆ ಬರವೇ?

"ಮುರಿದ ತುಂಡು ಎಲ್ಲಿ?" ಎಂದು ಕೇಳಿದೆ.

"ಭಂಗಾರಿಗೆ ಹಾಕಿ ಆಯ್ತು. ರಾಘು ನೋಡದೆ ಎತ್ತಿದ್ದು ಸರ್. ಇನ್ನು ಅವ ನನ್ನ ಕಿಚನಿಗೆ ಬೇಡ."

ಗುಜರಿಗೆ ಹೋದದ್ದು ಬರೀ ಕಬ್ಬಿಣವೇ? ರಾಘುವಿನ ಪರವಾಗಿದ್ದ ಒಂದೇ ಸಾಕ್ಷಿ ಅದು! ಬೈದೆ. ಗಿರಾಕಿಗಳು ವಡೆ ಕೈಯಲ್ಲಿ ಹಿಡಿದು ತಿರುಗಿ ನೋಡುವಷ್ಟು ಬೈದೆ. ಮುರಿದರೆ ಕಿಚನ್‌ನವನ ತಪ್ಪು, ಮುರಿಯದಿದ್ದರೆ ಮಾಲೀಕನ ಜಾಣತನ. ಇದ್ಯಾವ ನ್ಯಾಯ?

ಅದೇ ಸಿಟ್ಟಿನಲ್ಲಿ ಆಸ್ಪತ್ರೆಗೆ ಹೋದೆ. ರಾಘುವಿನ ಕಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜ್. "ನಾನೇ ಚೂರು ಓರೆ ಎತ್ತಿದೆ ಕಾಣ್ತದೆ ಸರ್" ಅಂದ. ಪಾಪ, ಅವನೂ ನಂಬಿಬಿಟ್ಟಿದ್ದ.

"ನಿನ್ನ ತಪ್ಪಲ್ಲ ಮಾರಾಯ" ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಸಾಲು, ಸುತ್ತಿಗೆ, ಬೆಂಕಿ, ಎಲ್ಲ. ಕೊಕ್ಕೆ ಇವತ್ತಲ್ಲ ನಾಳೆ ಮುರಿಯಲೇಬೇಕಿತ್ತು ಅಂದೆ.

ರಾಘು ನನ್ನ ಮುಖವನ್ನೇ ನೋಡಿದ.

"ಇದೆಲ್ಲ ನಿಮಗೆ ಮೊದಲೇ ಗೊತ್ತಿತ್ತಾ ಸರ್?"