ಐದು ಚೀಟಿ ಕಡಿಮೆ

ಬೆಳಗಿನ ಐದೂವರೆ. ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಎದುರಿನ ಬಟ್ಟೆ ಅಂಗಡಿಯ ಶಟರ್ ಅರ್ಧ ಎದ್ದಿದೆ. ಒಳಗೆ ಜೀನತ್ ಬುರ್ಖಾ ಕಳಚಿ ಮೊಳೆಗೆ ತೂಗುಹಾಕಿ, ಚೂಡಿದಾರದ ಮೇಲೆ ಗಂಡನ ಹಳೇ ಅಂಗಿ ತೊಟ್ಟು ಏಣಿ ಹತ್ತುತ್ತಾರೆ. ಮೇನ್ ಸ್ವಿಚ್ ಇಳಿಸಿಯಾಗಿದೆ. ಆದರೂ ಪ್ರತಿ ವೈರಿಗೂ ಟೆಸ್ಟರ್ ಮುಟ್ಟಿಸುತ್ತಾರೆ. "ಸ್ವಿಚ್ಚು ಆಫ್ ಅಂತದೆ. ವೈರು ಏನಂತದೆ, ಅದ್ನ ಕೇಳ್ಬೇಕು."

ಹತ್ತಕ್ಕೆ ಅಂಗಡಿ ತೆರೆಯುವುದರೊಳಗೆ ಹಳೇ ಟ್ಯೂಬ್‌ಲೈಟುಗಳೆಲ್ಲ ಎಲ್‌ಇಡಿ ಆಗಬೇಕು. ಟ್ಯೂಬು ಬಿಚ್ಚಬೇಕು, ಅದು ಕೂರುವ ಪಟ್ಟಿಯ ಮುಚ್ಚಳ ತೆಗೆಯಬೇಕು, ಕರೆಂಟಿಗೆ ಕಡಿವಾಣ ಹಾಕುವ, ಕಲ್ಲಿನಂತೆ ಭಾರದ ಚೋಕು ಕಳಚಿ, ಕರೆಂಟು ನೇರ ಹೊಸ ಟ್ಯೂಬಿಗೇ ಹೋಗುವಂತೆ ವೈರು ಜೋಡಿಸಬೇಕು. ಒಂದಕ್ಕೆ ಏಳು ನಿಮಿಷ. ಮುಚ್ಚಳ ಹಾಕುವ ಮುನ್ನ ಜೇಬಿನಿಂದ ಒಂದು ಚೀಟಿ ತೆಗೆದು ಒಳಗೆ ಅಂಟಿಸುತ್ತಾರೆ. 'ಚೋಕ್ ತೆಗೆದಿದೆ. ನೇರ ಕರೆಂಟ್. ಹಳೇ ಟ್ಯೂಬ್ ಹಾಕಬೇಡಿ.' ಕೆಳಗೆ ಫೋನ್ ನಂಬರು. ದುಂಡನೆಯ ಆ ಅಕ್ಷರ ಗಂಡ ವಜೀರ್ ಪಾಷಾ ಅವರದು.

ಪಾಷಾ ಇಪ್ಪತ್ತು ವರ್ಷ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಅಂಗಡಿಗಳಿಗೆ ವೈರಿಂಗ್ ಮಾಡಿದವರು. ಆರು ವರ್ಷದ ಹಿಂದೆ ನಾಗಮಂಗಲದ ಕಾಂಪ್ಲೆಕ್ಸೊಂದರಲ್ಲಿ ಖಾಲಿ ಪಟ್ಟಿಗೆ ಹಳೇ ಥರದ ಟ್ಯೂಬು ಹಾಕಲು ಏಣಿ ಹತ್ತಿದರು. ಅವರಿಗಿಂತ ಮುಂಚೆ ಯಾರೋ ಚೋಕು ತೆಗೆದು, ನೇರ ಕರೆಂಟು ಕೊಟ್ಟು, ಹೇಳದೆ ಕೇಳದೆ ಮುಚ್ಚಿ ಹೋಗಿದ್ದರು. ಕೆಳಗಿದ್ದವರು ಸ್ವಿಚ್ ಹಾಕಿದರು. ಟ್ಯೂಬು ಸಿಡಿಯಿತು, ಪಾಷಾ ಬಿದ್ದರು. ಒಂದು ಸಾಲು ಗೀಚಲು ಆ ಮಹಾನುಭಾವನಿಗೆ ಎಷ್ಟು ಹೊತ್ತು ಬೇಕಿತ್ತು? ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿ ಉಳಿಸಿಕೊಟ್ಟರು. ಏಣಿಯ ಕೆಲಸ ಅಲ್ಲಿಗೆ ಮುಗಿಯಿತು.

ಮಹಿಳಾ ಸಂಘದಲ್ಲಿ ಬಲ್ಬು ಜೋಡಿಸಲು ಕಲಿತಿದ್ದ ಜೀನತ್, ಗಂಡನ ಚೀಲ ಹೆಗಲಿಗೆ ಹಾಕಿಕೊಂಡರು. "ಮಂಚದ್ ಮೇಲ್ ಕೂತ್ಕಂಡೇ ಕಲಿಸ್ದ್ರು. ನಾನ್ ತಪ್ ಮಾಡಿದ್ರೆ ಊರುಗೋಲಲ್ಲಿ ಮಂಚ ಕುಟ್ಟೋರು. ಅಕ್ಕಪಕ್ಕದೋರು ಗಂಡ ಎಂಡ್ತಿ ಜಗಳ ಅನ್ಕಂಡಿದ್ರು!" ಆ ರಾಡು ಈಗ ನೋಯುತ್ತಿದೆ, ತೆಗೆಸಬೇಕು. ಈ ಬಟ್ಟೆ ಅಂಗಡಿಯ ಮಾಲೀಕ ದೇವರಾಜು ಅವರಿಗೆ ಪಾಂಡವಪುರದಲ್ಲಿ ಮೂರು ಮಹಡಿಯ ಕಟ್ಟಡವಿದೆ, ಮುನ್ನೂರು ಲೈಟಿದೆ. ಆ ಕೆಲಸ ಸಿಕ್ಕರೆ ಆಪರೇಷನ್ ಆಗುತ್ತದೆ. ಜೀನತ್ ಇದನ್ನೇ ನೆಚ್ಚಿಕೊಂಡಿದ್ದಾರೆ.

ಒಂಬತ್ತೂವರೆಗೆ ಒಂದು ತೊಡಕು. ದೇವರಾಜು ಹೇಳಿದ್ದು ಇಪ್ಪತ್ತೇಳು ಲೈಟು, ಇರುವುದು ಮೂವತ್ತೆರಡು. ಮೆಟ್ಟಿಲ ಕೆಳಗಿನದನ್ನೂ ಟ್ರಯಲ್ ರೂಮಿನದನ್ನೂ ಎಣಿಸಿರಲಿಲ್ಲ. ಟ್ಯೂಬು ಸಾಕಷ್ಟಿದೆ. ಪಾಷಾ ಬರೆದುಕೊಟ್ಟ ಚೀಟಿ ಮಾತ್ರ ಐದು ಕಡಿಮೆ. ಉರ್ದು ಶಾಲೆಯಲ್ಲಿ ಓದಿದ ಜೀನತ್ ನೆಲದಲ್ಲಿ ಕೂತು ಕನ್ನಡದ ಒಂದೊಂದೇ ಅಕ್ಷರ ಕೂಡಿಸುತ್ತಾರೆ. ಅಷ್ಟರಲ್ಲಿ ದೇವರಾಜು ಬರುತ್ತಾರೆ.

"ಏನಮ್ಮ, ಪರೀಕ್ಷೆ ಬರೀತಿದ್ದೀಯಾ? ಟೇಮಾಯ್ತು, ಮುಚ್ಚು ಮುಚ್ಚು."

"ಚೀಟಿ ಇಲ್ದೆ ಮುಚ್ಚಕಿಲ್ಲ ಅಣ್ಣ."

"ಅದೇನ್ ಮದ್ವೆ ಕಾಗ್ದವಾ? ಒಳಗಿರೋದ್ನ ಯಾವನ್ ಓದ್ತಾನೆ? ಇಂಗಾದ್ರೆ ಪಾಂಡವಪುರುದ್ ಕೆಲ್ಸ ಬ್ಯಾರೇವ್ರಿಗೇ ಕೊಡ್ಬೇಕಾಯ್ತದೆ."

ಜೀನತ್ ಪೆನ್ನು ಕೆಳಗಿಡುವುದಿಲ್ಲ. "ಕೊಟ್ಬುಡಿ ಅಣ್ಣ. ಆದ್ರೆ ಓದೋರ್ ಅವ್ರೆ. ಕಳ್ದ್ ತಿಂಗ್ಳು ಬೂಕನಕೆರೆಯಿಂದ ಫೋನ್ ಬತ್ತು, ಸಂತೋಷ್ ಅಂತ, ಅವ್ರೂ ಲೈಟ್ ಕೆಲ್ಸದೋರೆ. 'ಅಕ್ಕ, ಹಳೇ ಟ್ಯೂಬ್ ಕೈಲಿಡ್ಕಂಡ್ ಏಣಿ ಮೇಲವ್ನಿ. ಮುಚ್ಳ ತೆಗುದ್ರೆ ನಿಮ್ ಚೀಟಿ ಐತೆ' ಅಂದ್ರು. ನಮ್ಮನೆಯವ್ರ್ ಕೈಗೆ ಫೋನ್ ಕೊಟ್ಟೆ. ಅವ್ರು ಒಂದೇ ಮಾತ್ ಕೇಳಿದ್ದು. 'ಮೊದ್ಲು ಕೆಳಿಕ್ ಇಳಿಯಪ್ಪಾ. ಇಳ್ದ್ಯಾ?' ಸಂತೋಷ್ ಇಳ್ದೆ ಅನ್ನೋಗಂಟ ಫೋನ್ ಇಡ್ಲಿಲ್ಲ."

ದೇವರಾಜು ಜೀನತ್ ಕೂಡಿಸಿದ ಅಕ್ಷರ ನೋಡುತ್ತಾರೆ. ಆಮೇಲೆ ಕೈ ಚಾಚುತ್ತಾರೆ. "ತತ್ತಾ ಇಲ್ಲಿ ಪೆನ್ನ. ನೀನ್ ಬರೆದ್ರೆ ಸಂಜೆ ಆಯ್ತದೆ. ಏನ್ ಬರೀಬೇಕು ಯೋಳು." ಬಿಲ್ಲಿನ ಪುಸ್ತಕದ ಹಾಳೆ ಹರಿದು, ಗಲ್ಲಾದ ಮೇಲೆ ಬಗ್ಗಿ ಐದು ಚೀಟಿ ಬರೆಯುತ್ತಾರೆ. ಜೀನತ್ ಅಂಟಿಸುತ್ತಾರೆ.

ಹತ್ತೂಕಾಲಿಗೆ ಮೂವತ್ತೆರಡೂ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಮಿಣಮಿಣ ಇಲ್ಲ, ಗುಂಯ್‌ಗುಡುವ ಸದ್ದಿಲ್ಲ. ಮೊದಲ ಗಿರಾಕಿಗಳು ಸೀರೆಯ ಅಂಚು ಬಿಡಿಸಿ ನೋಡುತ್ತಾರೆ, ಒಬ್ಬರೂ ತಲೆಯೆತ್ತುವುದಿಲ್ಲ. ಅಂಗಡಿಯ ಉದ್ಘಾಟನೆಗೆ ಬಂದು ಬಾಗಿಲಲ್ಲಿ ಟೇಪು ಕತ್ತರಿಸಿ ಚಹಾ ಕುಡಿದು ಹೋದವನ ಹೆಸರು ಕಲ್ಲಿನಲ್ಲಿ ಕೆತ್ತಿದೆ. ದೀಪ ಕಟ್ಟಿದವರ ಹೆಸರು ಎಲ್ಲೂ ಇಲ್ಲ, ಚೀಟಿಯಲ್ಲಿ ಕೂಡ ಇರುವುದು ಬರೀ ನಂಬರು. ಕಣ್ಣು ನೋಯದ ಈ ಬೆಳಕಿಗೆ, ಮುಂದೆ ಏಣಿ ಹತ್ತುವ ಗೊತ್ತಿಲ್ಲದ ಮನುಷ್ಯನ ಜೀವ ನೆನೆದಿದ್ದಕ್ಕೆ, ಈ ಗಂಡ ಹೆಂಡತಿಗೆ ನಾವು ಋಣಿಗಳು. ಇದನ್ನಾದರೂ ಅಚ್ಚಿನಲ್ಲಿ ಹೇಳಿಬಿಡಬೇಕು.

ಜೀನತ್ ಬುರ್ಖಾ ತೊಟ್ಟು ಚೀಲ ಎತ್ತಿಕೊಳ್ಳುವಾಗ ಗಲ್ಲಾದಿಂದ ದೇವರಾಜು ಕೂಗುತ್ತಾರೆ. "ಸೋಮ್ವಾರ ಪಾಂಡವಪುರುಕ್ ಬಾಮ್ಮ. ಮುನ್ನೂರ್ ಚೀಟಿ ಬರ್ಸ್ಕಂಡೇ ಬಾ, ನನ್ ಕೈಲಾಗಕಿಲ್ಲ."

ಹೊರಗೆ ಬಂದು ಜೀನತ್ ಮನೆಗೆ ಫೋನ್ ಮಾಡುತ್ತಾರೆ. ದನಿಯಲ್ಲಿ ನಗು. "ಏನ್ರೀ, ಪಾಂಡವಪುರುದ್ ಕೆಲ್ಸ ಸಿಕ್ತು. ಚೀಟಿ ಮುನ್ನೂರೈವತ್ ಬರೀರಿ. ದೇವರಾಜಣ್ಣನ್ ಲೆಕ್ಕ ನಂಬಂಗಿಲ್ಲ."