ಅವನ ದನಿ ತೆಗೆದ ಟ್ರ್ಯಾಕ್

ಎರಡು ವರ್ಷಗಳ ಹಿಂದಿನ ಮಾತು. ಕಂಪನಿ ಬಸ್ಸಿನ ಚಾಲಕನಾಗಿ ಸೌದಿಯ ಜುಬೈಲಿಗೆ ಬಂದಿದ್ದ ನಾನು ಆ ಹೊತ್ತಿಗೆ ಸಮಾರಂಭಗಳಿಗೆ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದೆ. ಇಲ್ಲಿ ನಮ್ಮವರ ಕಾರ್ಯಕ್ರಮಗಳಲ್ಲಿ ವಾದ್ಯದವರು ಇರುವುದಿಲ್ಲ. ಮೊದಲೇ ಮುದ್ರಿಸಿದ ಸಂಗೀತವನ್ನು, ಅಂದರೆ ಟ್ರ್ಯಾಕನ್ನು ನಾನು ಹಾಕುತ್ತೇನೆ, ಹಾಡುವವರು ಅದಕ್ಕೆ ಹಾಡುತ್ತಾರೆ.

ವಿನಯಾ ಮತ್ತು ದೀಪಕ್ ನಮ್ಮ ಕನ್ನಡ ಕೂಟದ ಕಾಯಂ ಜೋಡಿ. ಅವಳು ನರ್ಸ್. ಅವನು ಪೆಟ್ರೋಕೆಮಿಕಲ್ ಸ್ಥಾವರದ ತಂತ್ರಜ್ಞ, ಕೀಬೋರ್ಡ್ ಚೆನ್ನಾಗಿ ನುಡಿಸುತ್ತಿದ್ದ. ಗಂಡ ಹೆಂಡತಿ ಮನೆಯಲ್ಲೇ ಕುಳಿತು ಒಂದು ಪಾಪ್ ಹಾಡು ಕಟ್ಟಿದ್ದರು: ‘ನನಗೆ ನಾನೇ ಸಾಕು’. ಪ್ರೀತಿಸಿದವನು ಬಿಟ್ಟುಹೋದ ಮೇಲೆ ಹೆಣ್ಣೊಬ್ಬಳು ಎದ್ದು ನಿಲ್ಲುವ ಹಾಡು. ಅವಳು ಪಲ್ಲವಿ ಮುಗಿಸಿದೊಡನೆ ಅವನು ಪಕ್ಕದಿಂದ ‘ಸಾಕು, ಸಾಕು’ ಎಂದು ಹಾಡುತ್ತಿದ್ದ. ಸಭೆ ನಗುತ್ತಾ ಚಪ್ಪಾಳೆ ತಟ್ಟುತ್ತಿತ್ತು. ಶಿಫ್ಟ್ ಇದ್ದ ದಿನ ಅವನಿಗೆ ಬರಲಾಗದೆಂದು ಆ ದನಿಯನ್ನು ಟ್ರ್ಯಾಕಿನಲ್ಲೇ ಸೇರಿಸಿದ್ದರು.

ಆ ವರ್ಷ ರಜೆಗೆ ಊರಿಗೆ ಹೋದ ದೀಪಕ್ ಹಿಂತಿರುಗಲಿಲ್ಲ. ಇನ್ನೊಬ್ಬಳ ಜೊತೆ ಇರುತ್ತೇನೆಂದು ಫೋನಿನಲ್ಲೇ ಹೇಳಿ ಮುಗಿಸಿದ. ಕಂಪನಿ ಬಸ್ಸುಗಳಲ್ಲಿ ಸುದ್ದಿ ಊರೆಲ್ಲ ಸುತ್ತಿತು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ ವಿನಯಾ ಅಂಗಡಿಗೆ ಬಂದಳು.

“ರಫೀಕ್ ಭಾಯ್, ಅವರ ದನಿ ತೆಗೆದು ಕೊಡ್ತೀರಾ?”

“ಬೇರೆ ಹಾಡು ಹೇಳು ತಂಗಿ. ಇದೇ ಎಂತಕ್ಕೆ?”

“ಬೇರೆ ಹೇಳಿದ್ರೆ ಎಲ್ರೂ ಪಾಪ ಅಂತಾರೆ. ನಾಳೆಯೂ ಇವರ ಮಧ್ಯೆಯೇ ಬದುಕ್ಬೇಕಲ್ಲ ನಾನು!”

ಒಬ್ಬರ ದನಿ ತೆಗೆಯುವ ಸಾಫ್ಟ್‌ವೇರ್ ಈಗ ಉಂಟು. ಆದರೆ ಸಂಗೀತದ ಜೊತೆ ಬೆರೆತ ದನಿ ಪೂರ್ತಿ ಹೋಗುವುದಿಲ್ಲ, ನೆರಳಿನಂತೆ ಉಳಿಯುತ್ತದೆ. ಅವಳು ಹೆಡ್‌ಫೋನ್ ಹಾಕಿ ಕೇಳಿದಳು, ತೆಗೆದು ಮೇಜಿನ ಮೇಲಿಟ್ಟಳು. “ಇನ್ನೂ ಇದ್ದಾರೆ” ಅಂದಳು.

ದನಿ ಸೇರಿಸುವ ಮೊದಲಿನ ಸಂಗೀತ ದೀಪಕನ ಲ್ಯಾಪ್‌ಟಾಪಿನಲ್ಲಿತ್ತು. ನಾನೇ ಫೋನ್ ಮಾಡುತ್ತೇನೆಂದೆ. ಅಂಗಡಿಗೆ ಮೊದಲು ಖರ್ಜೂರ ಮಾರುತ್ತಿದ್ದಾಗ ಉನೈಜಾ ಪೇಟೆಯ ವ್ಯಾಪಾರಿಗಳ ಮುಂದೆ ಚೌಕಾಸಿ ಕಲಿತವನು ನಾನು. ಇವನ ಯಾವ ಪಟ್ಟಿಗೆ ಯಾವ ಉತ್ತರ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

“ಸುಲಭಕ್ಕೆ ಕೊಡುವ ಜನ ಅಲ್ಲ ಅವರು,” ವಿನಯಾ ತಲೆಗೂದಲು ಸರಿಮಾಡಿಕೊಂಡಳು. “ನನ್ನ ಹತ್ರ ಮಾತಾಡ್ಬೇಕು ಅಂತಾರೆ, ನೋಡಿ.”

ಫೋನಿನಲ್ಲಿ ನಾನು ಪೀಠಿಕೆ ಮುಗಿಸುವ ಮೊದಲೇ ದೀಪಕ್ ಹೇಳಿದ: “ನನ್ನ ದನಿ ಬೇಡ, ಅಷ್ಟೇ ಅಲ್ವಾ? ಈಗ್ಲೇ ಕಳಿಸ್ತೇನೆ ಭಾಯ್.”

ನನ್ನ ಚಹಾ ಆರುವ ಮೊದಲೇ ಫೈಲ್ ಬಂತು.

“ಎಂತ ಕೇಳಿದ್ರು?” ಎಂದಳು ವಿನಯಾ.

“ಎಂತದೂ ಇಲ್ಲ.”

“ನಾನು ಹೇಗಿದ್ದೇನೆ ಅಂತಾದ್ರೂ?”

ಸುಳ್ಳು ಹೇಳಬಹುದಿತ್ತು. ಎಷ್ಟೋ ಸರಕಿಗೆ ಇಲ್ಲದ ಗುಣ ಹೇಳಿ ಮಾರಿದ ಬಾಯಿ ಇದು. ಅಂದು ಮಾತ್ರ ತಲೆಯಾಡಿಸಿದೆ, ಇಲ್ಲ ಎಂದು. ಆ ಹುಡುಗಿ ಅಳಲಿಲ್ಲ. ಹೊಸ ಟ್ರ್ಯಾಕ್ ಹಾಕಲು ಹೇಳಿ ಹೆಡ್‌ಫೋನ್ ಕಿವಿಗೇರಿಸಿದಳು.

ಕಾರ್ಯಕ್ರಮದ ಸಂಜೆ ಮೊದಲ ಪಲ್ಲವಿ ಚೆನ್ನಾಗಿಯೇ ಮುಗಿಯಿತು. ಆಮೇಲೆ ಅವನ ಜಾಗ ಬಂತು. ಬರಿಯ ತಾಳ. ಅವಳು ಅಭ್ಯಾಸಬಲದಿಂದ ಎಡಕ್ಕೆ ಸರಿದು ಮೈಕ್ ಪಕ್ಕಕ್ಕೆ ಚಾಚಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಎರಡನೆಯ ಸಲವೂ ಆ ಜಾಗ ಖಾಲಿಯೇ ಹೋಯಿತು. ಕೊನೆಯ ಸಲ ‘ಸಾಕು, ಸಾಕು’ ಎಂದು ಅವಳೇ ಹಾಡಿದಳು, ತನ್ನ ಗಂಟಲಿಗೆ ಒಗ್ಗದ ಅವನ ಕೆಳಸ್ವರದಲ್ಲಿ. ದನಿ ಒಡೆಯಿತು. ಒಡೆದ ದನಿಯನ್ನು ಎಕೋ ಹೆಚ್ಚಿಸಿ ಮುಚ್ಚುವುದು ನಮ್ಮ ಕಸುಬಿನ ರೂಢಿ. ನಾನು ಕೈ ಹಿಂದಕ್ಕೆಳೆದುಕೊಂಡೆ. ಒಡೆದ ದನಿಯಲ್ಲೇ ಅವಳು ಹಾಡು ಮುಗಿಸಿದಳು. ಜನ ಎದ್ದು ನಿಂತರು.

ಮೈಕ್ ಹಿಂತಿರುಗಿಸುವಾಗ ಮೆಲ್ಲಗೆ ಹೇಳಿದಳು: “ಹಳೇ ಟ್ರ್ಯಾಕ್ ಅಳಿಸ್ಬೇಡಿ, ಭಾಯ್.”

ಅಳಿಸಿಲ್ಲ. ಅವಳು ಇಂದಿಗೂ ಅದನ್ನು ಕೇಳಿಕೊಂಡು ಬಂದಿಲ್ಲ.

ಜೋಡಿಯಾಗಿ ಹಾಡುವವರಿಗೆ ನಾನು ಈಗ ಹೇಳುವುದಿಷ್ಟು: ಎಷ್ಟೇ ಪ್ರೀತಿ ಇರಲಿ, ಇಬ್ಬರ ದನಿಯನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳಿ. ಇನ್ನೊಂದನ್ನು ಆ ಫೋನ್ ಕರೆ ಕಲಿಸಿತು. ಚೌಕಾಸಿಗೆ ನಿಂತವನ ಜೊತೆ ಮಾತು ಮುಂದುವರಿಸಬಹುದು. ಕೇಳಿದ್ದನ್ನು ಕೇಳಿದ ಕ್ಷಣವೇ ಕೊಟ್ಟುಬಿಟ್ಟವನು ಆಗಲೇ ಅಂಗಡಿ ಮುಚ್ಚಿ ಹೋಗಿರುತ್ತಾನೆ, ಬಾಗಿಲಲ್ಲಿ ಕಾಯಬೇಡಿ.